ಆಟಿಸಂ ಇರೋ ಮಗು ಇದ್ದಕ್ಕಿದ್ದಂಗೆ ಕಿರುಚ್ತಿದ್ರೆ, ಕೈ ಕಚ್ಕೊಳ್ತಿದ್ರೆ ಮೊದಲು ಹೊಟ್ಟೆ ನೋಡಿ: ಹಂತ ಹಂತವಾಗಿ ಪೂರ್ತಿ ವಿವರ

ಮಂಡ್ಯದಿಂದ ಮೈಸೂರಿಗೆ ಮಗನ್ನ ಥೆರಪಿಗೆ ಅಂತ ಕರ್ಕೊಂಡು ಓಡಾಡೋಕೆ ಶುರು ಮಾಡಿ ಆರು ವರ್ಷ ಆಯ್ತು. ಕಾಯೋ ಬೆಂಚಲ್ಲಿ ಪಕ್ಕ ಕೂತ ಅಪ್ಪ ಅಮ್ಮಂದಿರು ಹೇಳೋದು ಹೆಚ್ಚುಕಮ್ಮಿ ಒಂದೇ ಕಥೆ. ಗೋಧಿ ಬಿಡಿಸಿದ್ವಿ, ಹಾಲು ಬಿಡಿಸಿದ್ವಿ, ಯಾರೋ ಹೇಳಿದ ಪ್ರೋಬಯಾಟಿಕ್ (ಕರುಳಿಗೆ ಒಳ್ಳೇ ಬ್ಯಾಕ್ಟೀರಿಯಾ ಅಂತ ಕೊಡೋದು) ತರಿಸಿದ್ವಿ, ಏನೂ ಆಗ್ಲಿಲ್ಲ ಮೇಡಂ, ಈಗ ಇನ್ನೂ ಜಾಸ್ತಿ ಹೊಡ್ಕೊಳ್ತಾನೆ ಅಂತ. ಸರಿ, ಮಗು ಮೋಷನ್ ಹೋಗಿ ಎಷ್ಟು ದಿನ ಆಯ್ತು ಅಂತ ಕೇಳಿದ್ರೆ ಗಂಡ ಹೆಂಡ್ತಿ ಮುಖ ಮುಖ ನೋಡ್ಕೊಳ್ತಾರೆ. ಎಲ್ಲರೂ ಕಡೇ ಹಂತದಿಂದ ಶುರು ಮಾಡ್ತಿದಾರೆ, ಅದಕ್ಕೇ ಸೋಲ್ತಿದಾರೆ. ಅದಕ್ಕೆ ಇದನ್ನ ಕ್ರಮವಾಗಿ ಬರೀತಾ ಇದೀನಿ, ದಯವಿಟ್ಟು ಹಂತ ಹಾರಿಸ್ಬೇಡಿ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಹೊಟ್ಟೆ ಸರಿ ಮಾಡಿದ್ರೆ ಆಟಿಸಂ ಹೋಗಲ್ಲ. ಆದ್ರೆ ಆಟಿಸಂ ಇರೋ ಮಕ್ಕಳಲ್ಲಿ ಹೊಟ್ಟೆ ತೊಂದರೆ ಬೇರೆ ಮಕ್ಕಳಿಗಿಂತ ತುಂಬಾ ಜಾಸ್ತಿ. ಹಿಂದೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2014ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಒಟ್ಟಾರೆ ಹೊಟ್ಟೆ ಲಕ್ಷಣಗಳು 4 ಪಟ್ಟಿಗಿಂತ ಜಾಸ್ತಿ, ಮಲಬದ್ಧತೆ ಮತ್ತೆ ಬೇಧಿ 3 ಪಟ್ಟಿಗಿಂತ ಜಾಸ್ತಿ ಅಂತ ಬಂತು. ಮಾತು ಬರದ ಮಗುಗೆ ಹೊಟ್ಟೆ ನೋಯ್ತಿದ್ರೆ ಅದು ಹೇಳೋದು ಹೇಗೆ, ಕಿರುಚಿ, ತಲೆ ಚಚ್ಕೊಂಡು, ಪಕ್ಕದವರನ್ನ ಪರಚಿ ಹೇಳತ್ತೆ. ನಾವು ಅದಕ್ಕೆ "ಬಿಹೇವಿಯರ್" ಅಂತ ಹೆಸರಿಟ್ಟು ನೋವನ್ನ ಹಂಗೇ ಬಿಟ್ಟಿರ್ತೀವಿ.

## ಶುರು ಮಾಡೋಕ್ ಮುಂಚೆ: ಇವು ಕಂಡ್ರೆ ಓದೋದು ನಿಲ್ಸಿ ಆಸ್ಪತ್ರೆಗೆ ಹೋಗಿ

ಕೆಳಗಿರೋ ಯಾವ್ದಾದ್ರೂ ಒಂದು ಇದ್ರೆ ಡೈರಿ, ಚಾರ್ಟ್ ಯಾವ್ದೂ ಬೇಡ, ಅವತ್ತೇ ಡಾಕ್ಟರ್ ಹತ್ರ ಹೋಗಿ. ಮಲದಲ್ಲಿ ಸುಮಾರಾಗಿ ರಕ್ತ, ಅಥವಾ ಡಾಂಬರಿನ ಥರ ಕಪ್ಪು ಮಲ. ಹಸಿರು ಬಣ್ಣದ ವಾಂತಿ, ಅಥವಾ ನಿಲ್ಲದ ವಾಂತಿ. ಹೊಟ್ಟೆ ಉಬ್ಬಿ ತಮಟೆ ಥರ ಬಿಗಿಯಾಗಿದ್ದು ಮುಟ್ಟೋಕೂ ಬಿಡದೇ ಇರೋದು. ಜ್ವರದ ಜೊತೆ ಹೊಟ್ಟೆ ನೋವಿದ್ದು ಮಗು ಬಗ್ಗಿ ನಡೀತಿದ್ರೆ, ಜಿಗಿಯೋ ಮಗು ಜಿಗಿಯೋದನ್ನೇ ಬಿಟ್ಬಿಟ್ರೆ ಅಪೆಂಡಿಕ್ಸ್ ಇರಬಹುದು. ಎಂಟು ಗಂಟೆ ಆದ್ರೂ ಉಚ್ಚೆ ಹೋಗಿಲ್ಲ, ಬಾಯಿ ಒಣಗಿದೆ ಅಂದ್ರೆ ನೀರು ಕಮ್ಮಿ ಆಗಿದೆ ಅಂತ ಅರ್ಥ.

ಇನ್ನೊಂದು ನಮ್ಮ ಮಕ್ಕಳಲ್ಲಿ ವಿಶೇಷವಾಗಿ ನೋಡಬೇಕಾದ್ದು. ತಿನ್ನಬಾರದ್ದನ್ನ ಬಾಯಿಗೆ ಹಾಕೋ ಅಭ್ಯಾಸ ಇದ್ರೆ, ರಿಮೋಟ್‌ನ ಬಟನ್ ಸೆಲ್ಲೋ ಆಟದ ಸಾಮಾನಿನ ಮ್ಯಾಗ್ನೆಟ್ಟೋ ಕಾಣ್ತಿಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯ್ಬೇಡಿ, ಬಾಳೆಹಣ್ಣು ತಿನ್ಸಿ ಹೊರಗೆ ಬರ್ಸೋಕೆ ಹೋಗ್ಬೇಡಿ. ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಾಕೊಂಡ್ರೆ ಎರಡು ಗಂಟೆಯಲ್ಲೇ ಸುಟ್ಟು ಗಾಯ ಮಾಡ್ಬಿಡತ್ತೆ.

ಅವಸರ ಇಲ್ದಿದ್ರೂ ಬೇಗ ತೋರಿಸ್ಬೇಕಾದವು: ತೂಕ ಇಳೀತಿರೋದು, ಎರಡು ವಾರ ಆದ್ರೂ ನಿಲ್ಲದ ಬೇಧಿ, ನುಂಗೋಕೆ ಕಷ್ಟ ಪಡೋದು, ಹುಟ್ಟಿದಾಗಿಂದಲೇ ಮಲ ಕಟ್ಟೋದು, ನಡಿಗೆ ಬದಲಾಗೋದು.

## ಬೇಕಾಗೋ ಸಾಮಾನು

ದೊಡ್ಡ ಖರ್ಚೇನಿಲ್ಲ. 100 ಪುಟದ ನೋಟ್‌ಬುಕ್ ಒಂದು. ಫೋನಲ್ಲಿ ವಿಡಿಯೋ ತೆಗೆಯೋಕೆ ಸ್ವಲ್ಪ ಜಾಗ. ಬ್ರಿಸ್ಟಲ್ ಸ್ಟೂಲ್ ಚಾರ್ಟ್ ಅಂತ ಬರತ್ತೆ, ಮಲದ 7 ಥರದ ಚಿತ್ರ ಇರೋದು, ಅದರ ಪ್ರಿಂಟ್ ತೆಗೆಸಿ ಬಾತ್‌ರೂಮ್ ಬಾಗಿಲ ಒಳಗಡೆ ಅಂಟಿಸಿ. ಕಾಲಿಡೋಕೆ ಒಂದು ಮಣೆ ಅಥವಾ ಪ್ಲಾಸ್ಟಿಕ್ ಸ್ಟೂಲ್. ನೀರು ಅಳೆಯೋಕೆ ಒಂದೇ ಲೋಟ, ದಿನಾ ಅದೇ ಲೋಟ. ತೂಕದ ಮೆಷಿನ್ ಮನೇಲಿಲ್ದಿದ್ರೆ ತಿಂಗಳಿಗೊಂದ್ಸಲ ಅಂಗನವಾಡೀಲೋ ಕ್ಲಿನಿಕ್ಕಲ್ಲೋ ನೋಡಿಸ್ಕೊಂಡ್ರೂ ಸಾಕು.

## ಹಂತ 1: ಹದಿನಾಲ್ಕು ದಿನ ಬರೀರಿ, ಏನನ್ನೂ ಬದಲಾಯಿಸ್ಬೇಡಿ

ಅತಿ ಹೆಚ್ಚು ಜನ ಬಿಟ್ಟುಬಿಡೋ ಹಂತ ಇದು. ಬರೆಯೋದು ಐದೇ ವಿಷಯ: ಮಲ ಯಾವಾಗ, ಯಾವ ನಂಬರ್; ತಿಂದಿದ್ದೇನು, ನೀರೆಷ್ಟು ಲೋಟ; ನಿದ್ದೆ ಎಷ್ಟು, ಎಷ್ಟು ಸಲ ಎದ್ದ; ಗಲಾಟೆ ಎಷ್ಟೊತ್ತಿಗೆ ಶುರುವಾಗಿ ಎಷ್ಟೊತ್ತಿಗೆ ನಿಂತು; ಗಲಾಟೆಗೆ ಮುಂಚಿನ ಒಂದು ಗಂಟೇಲಿ ಏನೇನಾಯ್ತು.

ಚಾರ್ಟಲ್ಲಿ 1 ಅಂದ್ರೆ ಆಡಿನ ಹಿಕ್ಕೆ ಥರ ಬಿಡಿ ಬಿಡಿ ಉಂಡೆ, 2 ಅಂದ್ರೆ ಉಂಡೆಗಳು ಅಂಟಿಕೊಂಡು ಗಟ್ಟಿಯಾಗಿರೋದು, ಇವೆರಡೂ ಮಲಬದ್ಧತೆ. 3, 4 ಸರಿಯಾಗಿರೋದು. 5ರಿಂದ ಮೇಲೆ ಸಡಿಲ ಆಗ್ತಾ ಹೋಗಿ 7 ಪೂರ್ತಿ ನೀರು. ವಾರಕ್ಕೆ ಎರಡು ಸಲ ಅಥವಾ ಅದಕ್ಕೂ ಕಮ್ಮಿ ಹೋಗೋದು ಖಂಡಿತ ತೊಂದರೆ, ಆದ್ರೆ ದಿನಾ ಹೋಗೋ ಮಗೂಗೂ ಮಲಬದ್ಧತೆ ಇರಬಹುದು, ದಿನಾ ನಾಲ್ಕು ಹಿಕ್ಕೆ ಹಾಕಿ ಮಿಕ್ಕಿದ್ದೆಲ್ಲ ಒಳಗೇ ಉಳಿಸ್ಕೊಂಡಿರತ್ತೆ.

ನಮ್ಮನೆ ನೋಟ್‌ಬುಕ್ಕಲ್ಲಿ ಒಂದು ಪುಟ ಹೀಗಿತ್ತು, ಮಗನಿಗೆ ಆಗ ಐದು ವರ್ಷ. "ಮಂಗಳವಾರ. ಮೋಷನ್ ಇಲ್ಲ, ಮೂರನೇ ದಿನ. ಬೆಳಿಗ್ಗೆ ಅರ್ಧ ಚಪಾತಿ, ಮಧ್ಯಾಹ್ನ ಬಿಸ್ಕತ್ತು, ಹಾಲು 4 ಲೋಟ, ನೀರು 1 ಲೋಟ. ಸಂಜೆ 6:40ಕ್ಕೆ ದಿವಾನದ ಅಂಚಿಗೆ ಹೊಟ್ಟೆ ಒತ್ಕೊಂಡು ನಿಂತ. 6:55ಕ್ಕೆ ಕೈ ಕಚ್ಕೊಂಡ. 7:30ರ ತನಕ." ಆ ಪುಟ ಒಂದನ್ನೇ ನೋಡಿದ್ರೆ ಏನೂ ಹೊಳೆಯಲ್ಲ. ಆದ್ರೆ ಹದಿನಾಲ್ಕು ಪುಟ ಸಾಲಾಗಿ ನೋಡಿದಾಗ ಕೈ ಕಚ್ಕೊಂಡಿದ್ದೆಲ್ಲ ಮೂರನೇ ದಿನ, ನಾಲ್ಕನೇ ದಿನ ಬಂದಿತ್ತು, ಹೊಟ್ಟೆ ಖಾಲಿಯಾದ ಮೇಲಿನ ಎರಡು ದಿನ ಒಂದೇ ಒಂದು ಗಲಾಟೆ ಇರ್ಲಿಲ್ಲ. ಅದಕ್ಕೂ ಮುಂಚೆ ಏಳು ತಿಂಗಳು ನಾವು ಸಂಜೆ ಟಿವಿ ಸೌಂಡಿಗೆ ಹಂಗಾಡ್ತಾನೆ ಅಂದ್ಕೊಂಡು ಟಿವಿ ಆಫ್ ಮಾಡ್ಕೊಂಡು ಕೂತಿದ್ವಿ. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಸಾಮಾನ್ಯ ತಪ್ಪು: ನೆನಪಿಂದ ರಾತ್ರಿ ಕೂತು ಬರೆಯೋದು. ಆಗ ಆಗಲೇ ಬರೀರಿ. ಇನ್ನೊಂದು ತಪ್ಪು, ಸ್ಕೂಲಲ್ಲಿ ಆಗಿದ್ದನ್ನ ಬಿಡೋದು, ಟೀಚರಿಗೋ ಆಯಾಗೋ ಒಂದು ಚೀಟಿ ಕೊಟ್ಟಿಡಿ, ಟಾಯ್ಲೆಟ್ಟಿಗೆ ಹೋದ್ನಾ ಇಲ್ವಾ ಅಷ್ಟು ಟಿಕ್ ಮಾಡಿದ್ರೂ ಸಾಕು.

## ಹಂತ 2: ಮಗು ಮೈಯಲ್ಲಿ ಹೇಳೋದನ್ನ ಓದಿ

ಬರೀತಾ ಇರುವಾಗಲೇ ಇದನ್ನೂ ನೋಡಿ. ಕುರ್ಚಿ ಅಂಚು, ಮೇಜು, ಅಮ್ಮನ ಮಂಡಿ, ಹೀಗೆ ಯಾವ್ದಾದ್ರೂ ಗಟ್ಟಿ ಜಾಗಕ್ಕೆ ಹೊಟ್ಟೆ ಒತ್ತೋದು ನೋವಿನ ಗುರುತು ಇರಬಹುದು. ಬೋರಲು ಮಲಗಿ ಮೊಣಕಾಲು ಮಡಚ್ಕೊಳ್ಳೋದು, ಹೊಟ್ಟೆ ಮೇಲೆ ಹೊಡ್ಕೊಳ್ಳೋದು, ಕಾರಣ ಇಲ್ದೆ ರಾತ್ರಿ ಎದ್ದು ಅಳೋದು ಇವೂ ಹಂಗೇ.

ಊಟ ಆಗಿ ಅರ್ಧ ಗಂಟೇಲಿ ಕತ್ತು ಹಿಂದಕ್ಕೆ ಚಾಚೋದು, ಬೆನ್ನು ಬಿಲ್ಲಿನ ಥರ ಬಗ್ಗಿಸೋದು, ಪದೇ ಪದೇ ಗಂಟಲು ಕೆರೆಯೋದು, ಏನೂ ಇಲ್ದೆ ನುಂಗ್ತಾ ಇರೋದು, ಷರ್ಟಿನ ಕಾಲರ್ ಅಗಿಯೋದು ಕಂಡ್ರೆ ಹೊಟ್ಟೆಯೊಳಗಿನ ಹುಳಿ (ಆಸಿಡ್) ಗಂಟಲ ಕಡೆ ಮೇಲೆ ಬರ್ತಿರೋ ಸಾಧ್ಯತೆ ಇದೆ.

ಮಲ ತಡೆ ಹಿಡಿಯೋದಂತೂ ಎಲ್ಲರೂ ತಪ್ಪಾಗಿ ಓದೋದು. ಮಗು ಬಾಗಿಲ ಹಿಂದೆ ಹೋಗಿ ನಿಲ್ಲತ್ತೆ, ಕಾಲು ಕತ್ತರಿ ಹಾಕತ್ತೆ, ತುದಿಗಾಲಲ್ಲಿ ನಿಂತು ಮೈ ಬಿಗಿ ಮಾಡತ್ತೆ, ಮುಖ ಕೆಂಪಗಾಗತ್ತೆ. ನಾವು ಪಾಪ ಮುಕ್ಕುತಾ ಇದೆ ಅಂದ್ಕೊಳ್ತೀವಿ. ಅದು ಹೊರಗೆ ತಳ್ತಾ ಇಲ್ಲ, ನೋಯತ್ತೆ ಅಂತ ಒಳಗೆ ಎಳ್ಕೊಳ್ತಾ ಇದೆ. ಒಂದ್ಸಲ ಗಟ್ಟಿ ಮಲ ಹೋಗುವಾಗ ಹರಿದು ನೋವಾಗಿದ್ರೆ ಮಗು ಮುಂದಿನ ಸಲಕ್ಕೆ ಹೆದರತ್ತೆ, ತಡೀತಾ ತಡೀತಾ ಇನ್ನೂ ಗಟ್ಟಿ ಆಗತ್ತೆ.

ಚಡ್ಡೀಲಿ ದಿನಾ ಸ್ವಲ್ಪ ಸ್ವಲ್ಪ ತೆಳ್ಳಗೆ ಅಂಟ್ತಿದ್ರೆ ಬೇಧಿ ಅಂತ ಮಾತ್ರೆ ಕೊಟ್ಬಿಡ್ಬೇಡಿ. ಒಳಗೆ ದೊಡ್ಡ ಗಟ್ಟಿ ಮಲ ಕೂತಿದ್ದು ಅದರ ಪಕ್ಕದಿಂದ ನೀರು ಮಲ ಸೋರ್ತಾ ಇರಬಹುದು. ಬೇಧಿ ನಿಲ್ಸೋ ಔಷಧಿ ಕೊಟ್ರೆ ಒಳಗಿರೋದು ಕಲ್ಲಾಗತ್ತೆ. ಮಲಾನ ಗೋಡೆಗೆ ಬಳಿಯೋದು, ಹಿಂದೆ ಕೈ ಹಾಕೋದು ಕೂಡ ಎಷ್ಟೋ ಸಲ ಇದೇ ಕಾರಣಕ್ಕೆ, ಅಥವಾ ಜಂತುಹುಳ ರಾತ್ರಿ ಹೊತ್ತು ಕೆರೆತ ಕೊಡೋದಕ್ಕೆ. ಬಯ್ಯೋಕ್ ಮುಂಚೆ ಇದನ್ನ ನೆನೆಸ್ಕೊಳ್ಳಿ.

ಇಂಥದ್ದು ಕಂಡಾಗ 30 ಸೆಕೆಂಡ್ ವಿಡಿಯೋ ತೆಗೀರಿ. ಡಾಕ್ಟರ್ ರೂಮಲ್ಲಿ ಮಗು ಹಂಗೆ ಮಾಡಲ್ಲ.

## ಹಂತ 3: ಹೊಟ್ಟೆ ಅಲ್ದೇ ಇರೋದನ್ನ ಪಕ್ಕಕ್ಕಿಡಿ

ಎಲ್ಲ ಗಲಾಟೇನೂ ಹೊಟ್ಟೆಯದೇ ಅಲ್ಲ. ಹುಳುಕು ಹಲ್ಲು, ಕಿವಿ ನೋವು, ಉಚ್ಚೆ ಉರಿ, ತಲೆನೋವು ಇವೂ ಥೇಟ್ ಹಿಂಗೇ ಕಾಣ್ತವೆ. ಕೆನ್ನೆ ಹೊಡ್ಕೊಳ್ತಿದ್ರೆ ಹಲ್ಲು ಕಿವಿ ಮೊದಲು ನೋಡ್ಸಿ. ಸ್ಕೂಲಲ್ಲಿ ಟೀಚರ್ ಬದಲಾದ್ರಾ, ಮನೆ ಬದಲಾಯ್ತಾ, ಪಕ್ಕದಲ್ಲಿ ಕಟ್ಟಡ ಕೆಲಸ ಶುರುವಾಯ್ತಾ ಅಂತ ಯೋಚ್ಸಿ. ಡೈರೀಲಿ ಮಲಕ್ಕೂ ಊಟಕ್ಕೂ ಗಲಾಟೆಗೂ ಹೊಂದಾಣಿಕೆ ಕಾಣ್ದೇ ಹೋದ್ರೆ ಹೊಟ್ಟೇನೇ ಕಾರಣ ಅಂತ ಹಟ ಹಿಡೀಬೇಡಿ.

ಕೊಡ್ತಿರೋ ಔಷಧಿ ಪಟ್ಟೀನೂ ಮಾಡ್ಕೊಳ್ಳಿ. ಕಬ್ಬಿಣದ ಟಾನಿಕ್ ಮಲ ಗಟ್ಟಿ ಮಾಡತ್ತೆ, ಬಣ್ಣಾನೂ ಕಪ್ಪಾಗತ್ತೆ. ಸಿಟ್ಟು, ಗಲಾಟೆ ಕಮ್ಮಿ ಆಗ್ಲಿ ಅಂತ ಕೊಡೋ ರಿಸ್ಪೆರಿಡೋನ್ ಥರದ ಮಾತ್ರೆಗಳಿಂದಲೂ ಮಲಬದ್ಧತೆ ಬರಬಹುದು. ನೀವಾಗೇ ನಿಲ್ಸ್ಬೇಡಿ, ಬರೆದಿಟ್ಕೊಂಡು ಕೇಳಿ.

## ಹಂತ 4: ಡಾಕ್ಟರ್ ಹತ್ರ ಹೋಗೋದು, ಸರಿಯಾಗಿ ಕೇಳೋದು

ಮಕ್ಕಳ ಡಾಕ್ಟರ್ ಹತ್ರ ಮೊದಲು ಹೋಗಿ. ಮೈಸೂರಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್, ಎರಡು ಕಡೇನೂ ಸರ್ಕಾರಿ ಮಕ್ಕಳ ವಿಭಾಗ ಇದೆ, ಅಥವಾ ನಿಮ್ಮ ಮಗು ನೋಡಿ ಗೊತ್ತಿರೋ ಡಾಕ್ಟರ್ ಇನ್ನೂ ಒಳ್ಳೇದು. ಮಾನಸಗಂಗೋತ್ರೀಲಿರೋ ವಾಕ್ ಮತ್ತು ಶ್ರವಣ ಸಂಸ್ಥೆ, ಅದೇ ನಾವೆಲ್ಲ ಸ್ಪೀಚ್ ಅಂಡ್ ಹಿಯರಿಂಗ್ ಅನ್ನೋದು, ಅಲ್ಲಿ ಹೋಗ್ತಿರೋರು ಥೆರಪಿಸ್ಟ್‌ಗೂ ಡೈರಿ ತೋರ್ಸಿ, ಆದ್ರೆ ಹೊಟ್ಟೆ ಮುಟ್ಟಿ ನೋಡ್ಬೇಕಾದ್ದು ಮಕ್ಕಳ ಡಾಕ್ಟ್ರೇ.

ನಮಗೆ ಮೊದಲನೇ ಸಲ ಸಿಕ್ಕ ಉತ್ತರ "ಆಟಿಸಂ ಮಕ್ಕಳು ಹಂಗೇ ಮಾಡೋದು ಕಣಮ್ಮ, ಅಭ್ಯಾಸ ಮಾಡ್ಕೊಳ್ಳಿ" ಅಂತ. ಹೊಟ್ಟೆ ಮೇಲೆ ಕೈ ಕೂಡ ಇಡ್ಲಿಲ್ಲ. ಎರಡನೇ ಡಾಕ್ಟ್ರು ಹದಿನಾಲ್ಕು ಪುಟ ಓದಿ, ವಿಡಿಯೋ ನೋಡಿ, ಮಗನ್ನ ಮಲಗಿಸಿ ಎಡಗಡೆ ಕೆಳಗೆ ಒತ್ತಿ ನೋಡಿ ನನ್ನ ಕೈ ಹಿಡಿದು ಅಲ್ಲೇ ಇಟ್ರು. ಉಡದಾರದ ಕೆಳಗೆ ಗಟ್ಟಿ ಗಂಟು ಕೈಗೇ ಸಿಕ್ತು. ದಿನಾ ಸ್ನಾನ ಮಾಡ್ಸ್ತಿದ್ದೆ, ಉಡದಾರ ಬಿಗಿಯಾಗಿ ಗುರುತು ಬಿದ್ದಿದ್ದನ್ನ ನೋಡಿದ್ದೆ, ದಪ್ಪ ಆಗ್ತಿದಾನೆ ಅಂದ್ಕೊಂಡಿದ್ದೆ.

ಹಂಗಾಗಿ ಮಾತು ಹೀಗೆ ಶುರು ಮಾಡಿ: "ಮೊದಲು ಹಿಂಗಿರ್ಲಿಲ್ಲ, ಇಂಥ ತಿಂಗಳಿಂದ ಶುರುವಾಗಿದೆ, ಮೋಷನ್ ಇಷ್ಟು ದಿನಕ್ಕೊಮ್ಮೆ, ಈ ವಿಡಿಯೋ ನೋಡಿ, ನೋವಿರಬಹುದಾ ಅಂತ ಪರೀಕ್ಷೆ ಮಾಡಿ." ನೋವಿನಿಂದ ನಡವಳಿಕೆ ಕೆಡಬಹುದು, ಆಟಿಸಂ ಇರೋ ಮಕ್ಕಳಿಗೂ ಬೇರೆ ಮಕ್ಕಳಿಗೆ ಮಾಡೋ ಅಷ್ಟೇ ಪರೀಕ್ಷೆ ಮಾಡ್ಬೇಕು ಅಂತ 2010ರಲ್ಲೇ ತಜ್ಞರು ಸೇರಿ ಬರೆದ ಶಿಫಾರಸು ಇದೆ. ನೀವು ಕೇಳ್ತಿರೋದು ವಿಶೇಷ ಉಪಕಾರ ಏನಲ್ಲ.

ಎಲ್ಲ ಮಕ್ಕಳಿಗೂ ಸ್ಕ್ಯಾನ್ ಎಕ್ಸ್‌ರೇ ಬೇಕಾಗಲ್ಲ. ರಕ್ತಹೀನತೆ, ಥೈರಾಯ್ಡ್, ಸೀಲಿಯಾಕ್ ಪರೀಕ್ಷೆ ಬೇಕಾ ಅಂತ ಕೇಳಿ. ಸೀಲಿಯಾಕ್ ಅಂದ್ರೆ ಗೋಧಿಯಲ್ಲಿರೋ ಗ್ಲೂಟನ್ನಿಗೆ ಕರುಳು ಕೆಡೋ ಕಾಯಿಲೆ, ಅದಕ್ಕೆ ಟಿಟಿಜಿ ಅನ್ನೋ ರಕ್ತ ಪರೀಕ್ಷೆ. ಇಲ್ಲೊಂದು ಕ್ರಮದ ವಿಷಯ ಇದೆ, ಗೋಧಿ ಬಿಡಿಸೋಕ್ ಮುಂಚೇನೇ ಈ ಪರೀಕ್ಷೆ ಆಗ್ಬೇಕು. ತಿಂಗಳುಗಟ್ಟಲೆ ಚಪಾತಿ ನಿಲ್ಸಿ ಆಮೇಲೆ ಪರೀಕ್ಷೆ ಮಾಡಿಸಿದ್ರೆ ಕಾಯಿಲೆ ಇದ್ರೂ ರಿಪೋರ್ಟಲ್ಲಿ ಇಲ್ಲ ಅಂತ ಬರಬಹುದು.

ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಬೊಂಬೆ ಹೊಟ್ಟೆ ಮುಟ್ಟಿ ಆಟ ಆಡ್ಸಿ, ಮಲಗೋದು, ಷರ್ಟ್ ಎತ್ತೋದು, ಡಾಕ್ಟರ್ ಕೈ ಇಡೋದು. ಕ್ಯೂನಲ್ಲಿ ಒಬ್ರು ನಿಂತಿರಿ, ಇನ್ನೊಬ್ರು ಮಗೂನ ಹೊರಗೆ ಮರದ ಕೆಳಗೆ ಇಟ್ಕೊಂಡಿರಿ.

## ಹಂತ 5: ಕಟ್ಟಿರೋದನ್ನ ಮೊದಲು ಖಾಲಿ ಮಾಡಿ, ಆಮೇಲೆ ಔಷಧಿ ಬಿಡದೇ ಕೊಡಿ

ಇಡೀ ಬರಹದಲ್ಲಿ ಒಂದೇ ಹಂತ ಓದ್ತೀನಿ ಅಂದ್ರೆ ಇದನ್ನ ಓದಿ. ಹಳೇ ಮಲ ಒಳಗೆ ಕೂತಿರುವಾಗ ನಾರಿನ ಅಂಶ ಇರೋದು ತಿನ್ನಿಸಿದ್ರೆ, ಹೊಟ್ಟು, ಇಸಬಗೋಲು ಕೊಟ್ರೆ ಹೊಟ್ಟೆ ಇನ್ನೂ ಉಬ್ಬತ್ತೆ, ನೋವು ಜಾಸ್ತಿ ಆಗತ್ತೆ, ಮಗು ಇನ್ನೂ ಕಿರುಚತ್ತೆ, ನೀವು ಸೊಪ್ಪು ಆಗ್ಬರಲ್ಲ ಅಂತ ತೀರ್ಮಾನ ಮಾಡಿ ಅದನ್ನೂ ಬಿಡ್ತೀರ. ರಸ್ತೇಲಿ ಲಾರಿ ಅಡ್ಡ ನಿಂತಿರುವಾಗ ಹಿಂದಿಂದ ಇನ್ನೂ ಬಸ್ ಕಳಿಸ್ದಂಗೆ ಅದು.

ಡಾಕ್ಟರ್ ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಅನ್ನೋ ನೀರಲ್ಲಿ ಕಲಸೋ ಪುಡಿ, ಅಥವಾ ಲ್ಯಾಕ್ಟುಲೋಸ್ ಸಿರಪ್ ಬರೀತಾರೆ. ಎರಡೂ ಮಲದಲ್ಲಿ ನೀರು ಹಿಡ್ಕೊಂಡು ಮೆತ್ತಗೆ ಮಾಡೋವು. ಮೊದಲ ಕೆಲವು ದಿನ ಖಾಲಿ ಮಾಡೋಕೆ ದೊಡ್ಡ ಪ್ರಮಾಣ, ಆಮೇಲೆ ದಿನಾ ಚಿಕ್ಕ ಪ್ರಮಾಣ. ಎಷ್ಟು ಅನ್ನೋದು ಮಗು ತೂಕದ ಮೇಲೆ, ಅದನ್ನ ಡಾಕ್ಟ್ರೇ ಹೇಳ್ಬೇಕು, ಪಕ್ಕದ ಮನೆ ಮಗೂ ಚೀಟಿ ನೋಡಿ ಕೊಡ್ಬೇಡಿ. ಖಾಲಿ ಮಾಡೋ ದಿನಗಳನ್ನ ರಜೆ ದಿನಕ್ಕೆ ಇಟ್ಕೊಳ್ಳಿ, ಸ್ಕೂಲಿಗೆ ಕಳಿಸ್ಬೇಡಿ, ಎರಡು ದಿನ ಬಟ್ಟೆ ಒಗೆಯೋದು ಇದ್ದೇ ಇರತ್ತೆ.

ಇಲ್ಲಿ ಆಗೋ ದೊಡ್ಡ ತಪ್ಪು, ಒಂದು ವಾರ ಸರಿ ಹೋಯ್ತು ಅಂತ ನಿಲ್ಸೋದು. ತಿಂಗಳುಗಟ್ಟಲೆ ಹಿಗ್ಗಿದ ಮಲಕೋಶ ವಾಪಸ್ ತನ್ನ ಗಾತ್ರಕ್ಕೆ ಬಂದು, ಬಂತು ಅನ್ನೋ ಸೂಚನೆ ಮತ್ತೆ ಮಗೂಗೆ ತಿಳಿಯೋಕೆ ಟೈಮ್ ಬೇಕು. ದಿನದ ಔಷಧಿ ಕನಿಷ್ಠ ಎರಡು ತಿಂಗಳು, ಮತ್ತೆ ಎಲ್ಲ ಲಕ್ಷಣ ಹೋಗಿ ಒಂದು ತಿಂಗಳಾದ ಮೇಲೆ ನಿಧಾನಕ್ಕೆ ಇಳಿಸೋದು, ಮಕ್ಕಳ ಡಾಕ್ಟರುಗಳ ಮಾರ್ಗಸೂಚೀಲಿರೋದು ಇದು. ತುಂಬ ಮಕ್ಕಳಿಗೆ ಅದಕ್ಕಿಂತ ಜಾಸ್ತಿ ಬೇಕಾಗತ್ತೆ. "ಅಭ್ಯಾಸ ಆಗ್ಬಿಡತ್ತೆ, ಆಮೇಲೆ ಔಷಧಿ ಇಲ್ದೆ ಹೋಗೋದೇ ಇಲ್ಲ" ಅಂತ ಮನೇಲಿ ಹಿರೀರು ಹೆದರಿಸ್ತಾರೆ, ಈ ಎರಡು ಔಷಧಿಗೆ ಆ ಭಯ ಬೇಡ.

ನಮ್ಮತ್ತೆ ಹಳ್ಳಿಯಿಂದ ಬಂದವರು, ಮಗನ ಹೊಟ್ಟೆ ಮುಟ್ಟಿ "ಮೊಗೀಗೆ ಹೊಟ್ಟೆ ಕಟ್ಕಂಡದೆ ಕಣವ್ವ" ಅಂತ ಡಾಕ್ಟರಿಗಿಂತ ಮುಂಚೇನೇ ಹೇಳಿದ್ರು. ಅವರು ಹೇಳಿದ್ದು ಸರಿ ಇತ್ತು, ನಾನು ಕಿವಿಗೆ ಹಾಕ್ಕೊಂಡಿರ್ಲಿಲ್ಲ. ಆದ್ರೆ ಅವರು ಮಾಡೋಕೆ ಹೊರಟ ಉಪಾಯ, ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿ ಹಿಂದೆ ಇಡೋದು, ಅದನ್ನ ಮಾತ್ರ ಬೇಡ ಅಂದೆ. ಸೋಪಿನ ಚೂರು ಇಡೋದೂ ಬೇಡ. ಮುಟ್ಟಿದ್ರೇ ಹೆದರೋ ಮಕ್ಕಳಿಗೆ ಅಲ್ಲಿ ಕೈ ಹಾಕಿದ್ರೆ ಟಾಯ್ಲೆಟ್ ಅಂದ್ರೇ ಓಡಿ ಹೋಗ್ತವೆ, ಗಾಯಾನೂ ಆಗಬಹುದು. ಕುಡಿಯೋಕೆ ಹರಳೆಣ್ಣೆ ಕೊಡೋದೂ ಬೇಡ, ಹೊಟ್ಟೆ ಕಿವುಚಿ ನೋವು ಕೊಡತ್ತೆ. ಎನಿಮಾ ಬೇಕೇ ಬೇಕು ಅಂದ್ರೆ ಡಾಕ್ಟರ್ ನಿರ್ಧಾರ ಮಾಡ್ಲಿ.

ಔಷಧೀನ ಮಗೂಗೆ ಇಷ್ಟವಾದ ತಿಂಡೀಲಿ ಮುಚ್ಚಿಟ್ಟು ಕೊಡ್ಬೇಡಿ. ಗೊತ್ತಾಗ್ಬಿಟ್ರೆ ಇರೋ ನಾಲ್ಕು ತಿಂಡೀಲಿ ಒಂದನ್ನ ಶಾಶ್ವತವಾಗಿ ಕಳ್ಕೊಳ್ತೀರ. ಬೇರೆ ಬಣ್ಣದ ಒಂದು ಲೋಟ ಔಷಧಿಗೇ ಅಂತ ಇಡಿ, ದಿನಾ ಅದೇ ಹೊತ್ತಿಗೆ, ಕುಡಿದ ತಕ್ಷಣ ಅವನಿಷ್ಟದ ಕೆಲಸ.

## ಹಂತ 6: ಕೂರೋ ಅಭ್ಯಾಸ

ಮಲ ಮೆತ್ತಗಾಗಿ ನೋವು ನಿಂತ ಮೇಲೇ ಇದು. ನೋವಿರುವಾಗ ಕೂರಿಸಿದ್ರೆ ಅದು ಶಿಕ್ಷೆ.

ಊಟ ಆದ ಮೇಲೆ ದೊಡ್ಡ ಕರುಳು ತಾನಾಗೇ ಚುರುಕಾಗತ್ತೆ, ಹಂಗಾಗಿ ಬೆಳಗಿನ ತಿಂಡಿ ಮತ್ತೆ ರಾತ್ರಿ ಊಟ ಆಗಿ 20ರಿಂದ 30 ನಿಮಿಷಕ್ಕೆ ಕೂರಿಸಿ, ಐದೇ ನಿಮಿಷ. ಶುರುವಿಗೆ ಒಂದು ನಿಮಿಷ ಕೂತ್ರೂ ಪರವಾಗಿಲ್ಲ. ಇಂಡಿಯನ್ ಟಾಯ್ಲೆಟ್ ಆದ್ರೆ ಕುಕ್ಕರಗಾಲಲ್ಲಿ ಕೂರೋ ಭಂಗಿ ತಾನಾಗೇ ಸರಿ ಇರತ್ತೆ, ಬ್ಯಾಲೆನ್ಸ್ ಸಾಲ್ದೆ ಹೆದರೋ ಮಗೂಗೆ ಗೋಡೆಗೆ ಒಂದು ಹಿಡಿ ಹಾಕ್ಸಿ. ಕಮೋಡ್ ಆದ್ರೆ ಕಾಲು ಜೋತಾಡಬಾರದು, ಕಾಲ್ಕೆಳಗೆ ಮಣೆ ಇಟ್ಟು ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ ಬರೋ ಹಂಗೆ ಮಾಡಿ. ಬಲೂನ್ ಊದಿಸಿ, ಪೀಪಿ ಊದಿಸಿ, ಊದುವಾಗ ಹೊಟ್ಟೆ ಸ್ನಾಯು ಕೆಲಸ ಮಾಡತ್ತೆ.

ಹೋಗಲ್ಲ ಅಂದ್ರೆ ಏನಕ್ಕೆ ಹೆದರ್ತಿದೆ ಅಂತ ಹುಡುಕಿ. ಫ್ಲಶ್ ಸೌಂಡಾ, ಜೆಟ್‌ನ ತಣ್ಣೀರಾ, ಫಿನಾಯ್ಲ್ ವಾಸನೆನಾ, ಒದ್ದೆ ನೆಲನಾ. ನಮ್ಮನೇಲಿ ಫ್ಲಶ್. ಮಗ ಹೊರಗೆ ಹೋಗಿ ಎರಡು ಬಾಗಿಲು ದಾಟಿದ ಮೇಲೆ ಫ್ಲಶ್ ಮಾಡೋಕೆ ಶುರು ಮಾಡಿದ್ವಿ, ನಾಲ್ಕು ತಿಂಗಳಲ್ಲಿ ಅವನೇ ಬಾಗಿಲಲ್ಲಿ ಕಿವಿ ಮುಚ್ಕೊಂಡು ನಿಂತು ನೋಡೋ ಮಟ್ಟಿಗೆ ಬಂದ. ಹಗ್ಗೀಸಲ್ಲೇ ಹೋಗೋ ಮಗೂಗೆ ಮೊದಲು ಹಗ್ಗೀಸ್ ಹಾಕ್ಕೊಂಡೇ ಬಾತ್‌ರೂಮೊಳಗೆ, ಆಮೇಲೆ ಹಾಕ್ಕೊಂಡೇ ಕಮೋಡ್ ಮೇಲೆ, ಹೀಗೆ ಒಂದೊಂದೇ ಮೆಟ್ಟಿಲು.

ಕೂತಿದ್ದಕ್ಕೆ ಬಹುಮಾನ ಕೊಡಿ, ಹೋಗಿದ್ದಕ್ಕೆ ಮಾತ್ರ ಅಂತ ಇಟ್ರೆ ಮಗು ಸೋತುಬಿಡತ್ತೆ. ಬಟ್ಟೇಲಿ ಆದ್ರೆ ಮಾತಿಲ್ದೆ ತೊಳೀರಿ.

## ಹಂತ 7: ಊಟ, ಒಂದ್ಸಲಕ್ಕೆ ಒಂದೇ ಬದಲಾವಣೆ

ಈಗ ಊಟಕ್ಕೆ ಬನ್ನಿ, ಇದಕ್ಕಿಂತ ಮುಂಚೆ ಬೇಡ.

ಮೊದಲು ಹಾಲಿನ ಲೆಕ್ಕ. ಬೇರೇನೂ ತಿನ್ನಲ್ಲ ಅಂತ ದಿನಕ್ಕೆ ಲೀಟರ್ ಹಾಲು ಕುಡ್ಸೋ ಮನೆಗಳು ತುಂಬ ಇವೆ. ಹೊಟ್ಟೆ ಹಾಲಲ್ಲೇ ತುಂಬಿ ಊಟ ಸೇರಲ್ಲ, ಮಲ ಗಟ್ಟಿ ಆಗತ್ತೆ, ಕಬ್ಬಿಣದ ಅಂಶ ಕಮ್ಮಿ ಆಗತ್ತೆ. ನಿಧಾನಕ್ಕೆ ಅರ್ಧ ಲೀಟರ್ ಒಳಗೆ ತನ್ನಿ. ಹಾಲು ಕುಡಿದ ಒಂದೆರಡು ಗಂಟೇಲಿ ಗ್ಯಾಸು, ಬೇಧಿ, ಗಲಾಟೆ ಡೈರೀಲಿ ಪದೇ ಪದೇ ಕಂಡ್ರೆ ಡಾಕ್ಟರ್ ಕೇಳಿ ಎರಡು ವಾರ ಹಾಲು ನಿಲ್ಸಿ ನೋಡಬಹುದು, ಮೊಸರು ಎಷ್ಟೋ ಮಕ್ಕಳಿಗೆ ಆಗತ್ತೆ.

ಆಮೇಲೆ ನೀರು, ಆಮೇಲೆ ಹಣ್ಣು ಸೊಪ್ಪು. ನಮ್ಮ ಕಡೆ ಪುಣ್ಯಕ್ಕೆ ದುಬಾರಿ ಡಬ್ಬ ಏನೂ ಬೇಡ. ಪರಂಗಿ ಹಣ್ಣು, ಸೀಬೆ ಹಣ್ಣು, ನೆನೆಸಿದ ಒಣದ್ರಾಕ್ಷಿ, ಹೆಸರುಕಾಳು, ಬಸ್ಸಾರಿನ ಕಟ್ಟು. ರಾಗಿಯಲ್ಲಿ ಗ್ಲೂಟನ್ ಇಲ್ವೇ ಇಲ್ಲ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಸಾವಿರಾರು ರೂಪಾಯಿ ಕೊಟ್ಟು ಗ್ಲೂಟನ್ ಫ್ರೀ ಬಿಸ್ಕತ್ತು ತರಿಸೋ ಮುಂಚೆ ಮನೇಲಿರೋ ರಾಗಿ ಡಬ್ಬ ನೋಡಿ ಅಂತ ಮಂಡ್ಯದವರಿಗೆ ನಾನು ಹೇಳ್ಬೇಕಾಗಿ ಬಂದಿದೆ. ಬಾಳೆಹಣ್ಣು ಚೆನ್ನಾಗಿ ಕಳಿತಿರ್ಬೇಕು, ದೋರೆಗಾಯಿ ಕೊಟ್ರೆ ಕೆಲವರಿಗೆ ಕಟ್ಟತ್ತೆ.

ಹೊಸ ತಿಂಡಿ ಬಲವಂತ ಮಾಡಿ ತುರುಕ್ಬೇಡಿ. ಮುದ್ದೆ ಮೊದಲು ಪಕ್ಕದ ತಟ್ಟೇಲಿರ್ಲಿ. ಇನ್ನೊಂದಿನ ಅವನ ತಟ್ಟೆ ಅಂಚಿಗೆ. ಬೆರಳಲ್ಲಿ ಮುಟ್ಲಿ, ಉಂಡೆ ಕಟ್ಟಿ ಆಟ ಆಡ್ಲಿ, ಮೂಸ್ಲಿ, ತುಟಿಗೆ ತಾಗಿಸ್ಲಿ, ನಾಲಿಗೆಗೆ, ಆಮೇಲೆ ಕಾಳಿನಷ್ಟು. ಹತ್ತು ಹದಿನೈದು ಸಲ ತೋರ್ಸಿದ ಮೇಲೂ ಬೇಡ ಅನ್ನಬಹುದು, ಬೇಜಾರು ಮಾಡ್ಕೊಬೇಡಿ. ನನ್ನ ಮಗ ಮುದ್ದೆ ಮೆತ್ತಗೆ ಅಂಟುತ್ತೆ ಅಂತ ಮುಟ್ಲೇ ಇಲ್ಲ, ಅದೇ ರಾಗಿ ಹಿಟ್ಟಲ್ಲಿ ತೆಳ್ಳಗೆ ಗರಿಗರಿ ದೋಸೆ ಹುಯ್ದಾಗ ಮುರಿಯೋ ಸದ್ದಿಗೆ ಖುಷಿಯಾಗಿ ತಿಂದ. ಅವನಿಗೆ ಬೇಕಾಗಿದ್ದು ಆ ಸದ್ದು.

ಗೋಧಿ ಮತ್ತೆ ಹಾಲು ಎರಡೂ ಬಿಡಿಸೋ ಡಯಟ್ ಬಗ್ಗೆ ನೇರವಾಗಿ ಹೇಳ್ತೀನಿ. ಎಲ್ಲ ಆಟಿಸಂ ಮಕ್ಕಳಿಗೂ ಅದರಿಂದ ಉಪಯೋಗ ಆಗತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ನಾಲ್ಕೇ ಪದಾರ್ಥ ತಿನ್ನೋ ಮಗೂಗೆ ಎರಡು ಕಿತ್ಕೊಂಡ್ರೆ ಕ್ಯಾಲ್ಸಿಯಂ, ಪ್ರೋಟೀನ್ ಎಲ್ಲಿಂದ ಬರ್ಬೇಕು. ಮಾಡ್ಲೇಬೇಕು ಅಂದ್ರೆ ಒಂದ್ಸಲಕ್ಕೆ ಒಂದು, ಡಯಟಿಷಿಯನ್ ಜೊತೆ, ಡೈರಿ ಇಟ್ಕೊಂಡು, ಬದಲಾವಣೆ ಕಾಣ್ಲಿಲ್ಲ ಅಂದ್ರೆ ವಾಪಸ್ ಕೊಡಿ.

## ಹಂತ 8: "ಹೊಟ್ಟೆ ನೋವು" ಅಂತ ಹೇಳೋಕೆ ಕಲಿಸಿ

ಆಟಿಸಂ ಇರೋ ತುಂಬ ಮಕ್ಕಳಿಗೆ ಮೈಯೊಳಗಿನ ಸೂಚನೆ ಗುರುತಿಸೋದೇ ಕಷ್ಟ, ಹಸಿವಾ, ನೋವಾ, ಮೋಷನ್ ಬಂತಾ, ಎಲ್ಲ ಒಂದೇ ಥರದ ಸಂಕಟ. ಮೈ ಚಿತ್ರ ಬರೆದು, ಹೊಟ್ಟೆ ಜಾಗಕ್ಕೆ ಕೆಂಪು ಬಣ್ಣ ಹಾಕಿ ಒಂದು ಕಾರ್ಡ್ ಮಾಡಿ. ಟಾಯ್ಲೆಟ್ ಚಿತ್ರದ್ದು ಇನ್ನೊಂದು. ಮಗು ಚೆನ್ನಾಗಿರುವಾಗ ಕಲಿಸ್ಬೇಕು, ಕಿರುಚೋ ಹೊತ್ತಲ್ಲಿ ಕಾರ್ಡ್ ತೋರ್ಸಿದ್ರೆ ಎಸೆಯತ್ತೆ ಅಷ್ಟೇ. ದಿವಾನಕ್ಕೆ ಹೊಟ್ಟೆ ಒತ್ತೋಕೆ ಶುರು ಮಾಡಿದ ತಕ್ಷಣ ನಾನು ಕಾರ್ಡ್ ತಂದು ಅವನ ಕೈ ಅದರ ಮೇಲಿಟ್ಟು "ಹೊಟ್ಟೆ ನೋವು" ಅಂತ ಹೇಳಿ ಬಿಸಿನೀರ ಚೀಲ ಕೊಡ್ತಿದ್ದೆ, ಉಗುರು ಬೆಚ್ಚಗಿರೋದು. ಸುಮಾರು ಒಂಬತ್ತು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನೇ ಕಾರ್ಡ್ ತಂದು ನನ್ನ ಮಡಿಲಲ್ಲಿಟ್ಟ. ಅವತ್ತು ಅವನು ಕೈ ಕಚ್ಕೊಳ್ಲಿಲ್ಲ.

## ದುಡ್ಡು ಕಳ್ಕೊಬೇಡಿ

ಮನಸ್ಸಿನ ಸ್ಥಿತಿ, ನಿದ್ದೆಗೆ ಸಂಬಂಧಪಟ್ಟ ಸೆರೊಟೋನಿನ್ ಅನ್ನೋ ರಾಸಾಯನಿಕ 90 ಪರ್ಸೆಂಟ್ ಕರುಳಲ್ಲೇ ತಯಾರಾಗತ್ತೆ, ಹಂಗಾಗಿ ನಮ್ಮ ಪುಡಿ ತಗೊಂಡ್ರೆ ಮೆದುಳು ಸರಿ ಹೋಗತ್ತೆ ಅಂತ ಮಾರ್ತಾರೆ. ಮೊದಲನೇ ಮಾತು ಹೆಚ್ಚುಕಮ್ಮಿ ನಿಜ, ಆದ್ರೆ ಕರುಳಿನ ಸೆರೊಟೋನಿನ್ ರಕ್ತದಿಂದ ಮೆದುಳೊಳಗೆ ದಾಟಲ್ಲ. ಕರುಳಿನ ಬ್ಯಾಕ್ಟೀರಿಯಾ ಕೆಟ್ಟಿದ್ದಕ್ಕೇ ಆಟಿಸಂ ಅನ್ನೋರಿಗೂ ಒಂದು ಉತ್ತರ ಇದೆ: 2021ರಲ್ಲಿ ಆಸ್ಟ್ರೇಲಿಯಾದಲ್ಲಿ 247 ಮಕ್ಕಳ ಮಲ ಪರೀಕ್ಷೆ ಮಾಡಿ ನೋಡಿದಾಗ, ಆಯ್ದ ಕೆಲವೇ ಪದಾರ್ಥ ತಿನ್ನೋದ್ರಿಂದ ಬ್ಯಾಕ್ಟೀರಿಯಾ ವೈವಿಧ್ಯ ಕಮ್ಮಿಯಾಗಿರೋ ಥರ ಕಂಡುಬಂತು. ಪ್ರೋಬಯಾಟಿಕ್ ಡಾಕ್ಟರ್ ಹೇಳಿದ್ರೆ ಕೊಡಿ, ಪವಾಡ ಕಾಯ್ಬೇಡಿ.

ಕ್ಲೋರಿನ್ ಡೈಆಕ್ಸೈಡ್ ಹನಿ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ, ಅದು ಬ್ಲೀಚು, ಮಕ್ಕಳ ಕರುಳನ್ನ ಸುಡತ್ತೆ. ಲಸಿಕೆ ಹಾಕ್ಸಿದ್ದಕ್ಕೇ ಕರುಳು ಕೆಟ್ಟು ಆಟಿಸಂ ಬಂತು ಅಂತ 1998ರಲ್ಲಿ ಅನುಮಾನ ಹುಟ್ಟಿಸಿದ ಲೇಖನವನ್ನ ಪ್ರಕಟಿಸಿದ ಪತ್ರಿಕೆನೇ 2010ರಲ್ಲಿ ವಾಪಸ್ ತಗೊಂಡಿದೆ. ಲಸಿಕೆ ತಪ್ಪಿಸ್ಬೇಡಿ.

## ಮತ್ತೆ ವಾಪಸ್ ಬಂದಾಗ

ಬರತ್ತೆ. ದಸರಾ ರಜಕ್ಕೆ ಊರಿಗೆ ಹೋದಾಗ, ಮದುವೆ ಮನೇಲಿ, ಜ್ವರ ಬಂದು ನೀರು ಕುಡೀದೇ ಇದ್ದಾಗ, ಬೇಸಿಗೇಲಿ, ಹೊಸ ಸ್ಕೂಲಿನ ಟಾಯ್ಲೆಟ್ ಇಷ್ಟ ಆಗ್ದೇ ತಡೆ ಹಿಡಿದಾಗ. ಎರಡು ದಿನ ಮೋಷನ್ ಇಲ್ಲ ಮತ್ತೆ ನಿದ್ದೆ ಕೆಟ್ಟಿದೆ ಅಂದ್ರೆ ನಾಲ್ಕನೇ ದಿನದ ಗಲಾಟೆಗೆ ಕಾಯ್ಬೇಡಿ. ಇಂಥ ಹೊತ್ತಿಗೆ ಎಷ್ಟು ಔಷಧಿ ಕೊಡ್ಬೇಕು ಅಂತ ಡಾಕ್ಟರ್ ಹತ್ರ ಮೊದಲೇ ಬರೆಸ್ಕೊಂಡಿಟ್ಟು, ಅದರಂತೆ ಶುರು ಮಾಡಿ, ನೋಟ್‌ಬುಕ್ ಮತ್ತೆ ತೆಗೀರಿ. ಊರಿಗೆ ಹೋಗುವಾಗ ಬ್ಯಾಗಲ್ಲಿ ಕಾಲ್ಮಣೆ, ಔಷಧಿ ಲೋಟ, ಎರಡು ಕಾರ್ಡ್ ಇರ್ಲಿ. ಹೋದ ತಕ್ಷಣ ಮಗೂಗೆ ಮೊದಲು ತೋರಿಸ್ಬೇಕಾದ್ದು ಅಲ್ಲಿನ ಟಾಯ್ಲೆಟ್, ನೆಂಟರನ್ನ ಆಮೇಲೆ ಮಾತಾಡಿಸಬಹುದು.